ಗೋಸುಂಬೆಗೆ ಕ್ಯಾಲ್ಸಿಯಂ

ನಮ್ಮ ಟೀಮಿನ ಹುಡುಗನೊಬ್ಬ ಮೂರು ವಾರದ ಮಟ್ಟಿಗೆ ಆನ್‌ಸೈಟ್ ಹೊರಟ. ಹೋಗುವಾಗ ಫ್ಲ್ಯಾಟಿನ ಕೀಲಿ, ಮೂರು ಡಬ್ಬಿ ಪುಡಿ, ಒಂದು ಬುಟ್ಟಿ ತುಂಬ ಚಿರ್ ಚಿರ್ ಅನ್ನೋ ಹುಳ ಮತ್ತು ಒಂದು ಎಕ್ಸೆಲ್ ಶೀಟ್ ನನಗೆ ಒಪ್ಪಿಸಿದ. ಅವನು ಸಾಕಿರೋದು ನಾಯಿಯಲ್ಲ, ಬೆಕ್ಕಲ್ಲ, ಗೋಸುಂಬೆ. ಯೆಮೆನ್, ಸೌದಿ ಕಡೆಯ ಜಾತಿ, ವೇಲ್ಡ್ ಕಮೀಲಿಯನ್ ಅಂತಾರೆ, ತಲೆ ಮೇಲೆ ಟೋಪಿಯಂಥ ಜುಟ್ಟು. "ಅಣ್ಣಾ, ನೀವು ಹಳ್ಳಿಯವರು, ನಿಮಗೆ ಹುಳ ಅಂದ್ರೆ ಹೇಸಿಗೆ ಇರಲ್ಲ" ಅಂದ. ಇಷ್ಟು ವರ್ಷದ ನನ್ನ ರೆಸ್ಯೂಮೆಯಲ್ಲಿ ಈ ಸಾಲು ಇರಲಿಲ್ಲ.

ಆ ಶೀಟ್ ನೋಡಿ ಮೊದಲು ನಗು ಬಂತು. ದೊಡ್ಡ ಹೆಣ್ಣು, ಆದ್ದರಿಂದ ದಿನ ಬಿಟ್ಟು ದಿನ ಊಟ, ಒಂದು ಸಲಕ್ಕೆ ನಾಲ್ಕೈದು ಹುಳ ಮಾತ್ರ. ಪ್ರತಿ ಊಟಕ್ಕೂ ಬರೀ ಕ್ಯಾಲ್ಸಿಯಂ ಪುಡಿ, ತೆಳ್ಳಗೆ. ತಿಂಗಳಿಗೆ ಎರಡೇ ಸಲ ವಿಟಮಿನ್ ಡಿ3 ಬೆರೆತ ಕ್ಯಾಲ್ಸಿಯಂ. ಇನ್ನೆರಡು ಸಲ ಮಲ್ಟಿವಿಟಮಿನ್. ಡಿ3 ಕಾಲಮ್ಮಿಗೆ ಕೆಂಪು ಬಣ್ಣ ಹಚ್ಚಿ "ಹೆಚ್ಚಾಗಬಾರದು" ಅಂತ ಬರೆದಿದ್ದ. ನಮ್ಮ ಪ್ರೊಡಕ್ಷನ್ ರಿಲೀಸಿಗೂ ಇಷ್ಟು ಚೊಕ್ಕ ಪಟ್ಟಿ ಇರಲ್ಲ.

ಪುಡಿ ಹಚ್ಚೋದು ಸುಲಭ. ಡಬ್ಬಿಗೆ ಚಿಟಿಕೆ ಪುಡಿ, ಮೇಲೆ ಹುಳ, ಮುಚ್ಚಳ ಹಾಕಿ ಅಲ್ಲಾಡಿಸಿದರೆ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಬೆಳ್ಳಗಾಗಿ ಹೊರಬರುತ್ತವೆ. ತಕ್ಷಣ ಕೊಡಬೇಕು. ಸ್ವಲ್ಪ ಹೊತ್ತು ಬಿಟ್ಟರೆ ಅವು ಮೈ ಕಾಲು ಒರೆಸಿಕೊಂಡು ಪುಡಿಯೆಲ್ಲ ಉದುರಿಸಿಬಿಡುತ್ತವೆ. ಗೋಸುಂಬೆ ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಹುಳದ ಮೇಲೆ ಇಡುತ್ತೆ. ಆಮೇಲೆ ಎರಡೂ ಕಣ್ಣು ಹುಳದ ಕಡೆ ತಿರುಗಿದವು ಅಂದರೆ ಹುಳದ ಕಥೆ ಮುಗೀತು. ನಾಲಿಗೆ ಅದರ ಮೈಗಿಂತ ಉದ್ದ ಹೋಗುತ್ತೆ. ನೀರಂತೂ ಬಟ್ಟಲಲ್ಲಿ ಇಟ್ಟರೆ ಕುಡಿಯಲ್ಲ. ಎಲೆ ಮೇಲೆ ಸಿಂಪಡಿಸಬೇಕು, ಹನಿ ಹನಿಯಾಗಿ ನೆಕ್ಕುತ್ತೆ.

ಭಾನುವಾರ ಊರಿಗೆ ಫೋನ್ ಮಾಡಿದಾಗ ಇದನ್ನೆಲ್ಲ ನಗುತ್ತಾ ಹೇಳಿದೆ. ನಮ್ಮದು ಹುಕ್ಕೇರಿ ತಾಲೂಕಿನ ಘೋಡಗೇರಿ. ಅವ್ವ "ಯಪ್ಪಾ, ಓತಿಕ್ಯಾತಕ್ಕ ಟಾನಿಕ್ಕ?" ಅಂತ ನಕ್ಕಳು. (ಓತಿಕ್ಯಾತ ಬೇರೆ, ಗೋಸುಂಬೆ ಬೇರೆ. ಬೇಲಿ ಮೇಲೆ ಕೂತು ತಲೆ ಅಲ್ಲಾಡಿಸುತ್ತಾ ಸರ್ರನೆ ಓಡೋದು ಓತಿಕ್ಯಾತ. ಇಕ್ಕಳದಂಥ ಕಾಲು, ಸುರುಳಿ ಬಾಲ, ಒಂದೊಂದು ದಿಕ್ಕಿಗೆ ತಿರುಗೋ ಕಣ್ಣು ಇರೋದು ಗೋಸುಂಬೆ. ಊಸರವಳ್ಳಿ ಅನ್ನೋ ಹೆಸರನ್ನು ಜನ ಎರಡಕ್ಕೂ ಇಟ್ಟುಬಿಟ್ಟಿದ್ದಾರೆ.) ಅಪ್ಪ ಮಾತ್ರ ನಗಲಿಲ್ಲ.

"ಬಿಸಲಿಗೆ ಬಿಡತಾರೇನ ಅದನ್ನ?"

"ಇಲ್ಲಪ್ಪಾ, ಮನಿ ಒಳಗ. ಟ್ಯೂಬ್‌ಲೈಟ್ ಹಚ್ಚಿರತಾರ."

"ಆ ಹುಳಾ ಏನ ತಿಂದಿರತಾವ?"

ಇವೆರಡೂ ಸರಿಯಾದ ಪ್ರಶ್ನೆಗಳು. ಅಪ್ಪನಿಗೆ ಗೋಸುಂಬೆ ಗೊತ್ತಿಲ್ಲ, ಎಮ್ಮೆ ಗೊತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಎಮ್ಮೆ ಕರು ಹಾಕಿದ ಮಾರನೇ ದಿನ ಕುತ್ತಿಗೆ ಒಂದು ಕಡೆ ಮುರಿದುಕೊಂಡು ಮಲಗಿಬಿಟ್ಟಿತ್ತು. ಮೈ ತಣ್ಣಗೆ. ಡಾಕ್ಟರು ಬಂದು ಇದು ಹಾಲು ಜ್ವರ ಅಂದರು. ಹೆಸರಿಗೆ ಜ್ವರ, ಮೈ ಬಿಸಿ ಆಗಲ್ಲ. ರಕ್ತದಲ್ಲಿದ್ದ ಕ್ಯಾಲ್ಸಿಯಂ ಎಲ್ಲ ಹಾಲಿಗೆ ಹರಿದು ಹೋಗಿರುತ್ತೆ. ನರಕ್ಕೆ ಕ್ಯಾಲ್ಸಿಯಂ ಬಾಟ್ಲಿ ಏರಿಸಿದರು. ನಾವು ನೋಡ್ತಾ ಇದ್ದ ಹಾಗೇ ಎಮ್ಮೆ ಎದ್ದು ನಿಂತಿತು. ಅವತ್ತಿಂದ ನಮ್ಮ ಕೊಟ್ಟಿಗೆಯಲ್ಲಿ ಮಿನರಲ್ ಮಿಕ್ಸ್ಚರ್ ಪಾಕೀಟು ತಪ್ಪಿಲ್ಲ. ಪುಡಿ ಅಂದರೆ ಅಪ್ಪನಿಗೆ ತಮಾಷೆ ಅಲ್ಲ.

ಹುಳಕ್ಕೆ ಮೂಳೆ ಇಲ್ಲ, ಗೋಸುಂಬೆಗೆ ಇದೆ. ತೊಂದರೆಯೆಲ್ಲ ಇಲ್ಲಿಂದಲೇ ಶುರು. ಊಟದಲ್ಲಿ ಒಂದು ಪಾಲು ರಂಜಕಕ್ಕೆ ಎರಡು ಪಾಲಿನಷ್ಟು ಕ್ಯಾಲ್ಸಿಯಂ ಇದ್ದರೆ ಒಳ್ಳೇದು ಅಂತಾರೆ. ಅಂಗಡಿಯಲ್ಲಿ ಸಿಗೋ ಕ್ರಿಕೆಟ್ ಹುಳದಲ್ಲಿ ಲೆಕ್ಕ ಉಲ್ಟಾ, ರಂಜಕವೇ ಹಲವು ಪಟ್ಟು ಹೆಚ್ಚು. ಕೊರತೆ ಬಿದ್ದಾಗ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತೆ. ಕಾಲು ಬಿಲ್ಲಿನ ಹಾಗೆ ಬಗ್ಗುತ್ತೆ, ದವಡೆ ರಬ್ಬರಿನ ಹಾಗಾಗುತ್ತೆ, ಕಡೆಗೆ ನಾಲಿಗೆ ಚಿಮ್ಮೋದಿಲ್ಲ. ನಾಲಿಗೆ ಚಿಮ್ಮದ ಗೋಸುಂಬೆಗೆ ಎದುರಿಗೇ ಹುಳ ಇದ್ದರೂ ಉಪವಾಸ. ಬಗ್ಗಿದ ಕಾಲು ಆಮೇಲೆ ಏನು ಮಾಡಿದರೂ ನೆಟ್ಟಗಾಗಲ್ಲ.

ಬರೀ ಪುಡಿಯಿಂದಲೂ ಆಗಲ್ಲ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳೋಕೆ ಡಿ3 ಬೇಕು, ಡಿ3 ಚರ್ಮದಲ್ಲಿ ತಯಾರಾಗೋಕೆ ಬಿಸಿಲಿನ ಯುವಿಬಿ ಕಿರಣ ಬೇಕು. ಕಿಟಕಿ ಗಾಜು ಅದನ್ನು ತಡೆದುಬಿಡುತ್ತೆ. ಅದಕ್ಕೇ ಆ ವಿಶೇಷ ಟ್ಯೂಬು, ಅದಕ್ಕೇ ಆ ಕೆಂಪು ಕಾಲಮ್ಮು. ಚರ್ಮದಲ್ಲಿ ಆಗೋ ಡಿ3ಗೆ ಮೈಯೇ ಮಿತಿ ಹಾಕಿಕೊಳ್ಳುತ್ತೆ. ಬಾಯಿಂದ ಹೆಚ್ಚು ಹೋದದ್ದಕ್ಕೆ ಆ ಮಿತಿ ಇಲ್ಲ, ಕ್ಯಾಲ್ಸಿಯಂ ಮೂತ್ರಪಿಂಡದಲ್ಲಿ, ರಕ್ತನಾಳದಲ್ಲಿ ಹೋಗಿ ಕೂರುತ್ತೆ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದೆ, ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಗಳ ಮೇಲೆ ನಡೆದದ್ದು. ಊಟದಲ್ಲಿ ಡಿ3 ಕಡಿಮೆ ಸಿಕ್ಕವು ತಾವಾಗಿಯೇ ಹೆಚ್ಚು ಹೊತ್ತು ಯುವಿ ಬೆಳಕಿಗೆ ಮೈಯೊಡ್ಡಿದವು, ಸಾಕಷ್ಟು ಸಿಕ್ಕವು ಕಡಿಮೆ ಮಾಡಿದವು. ನಾವು ಎಕ್ಸೆಲ್‌ನಲ್ಲಿ ಮಾಡೋ ಲೆಕ್ಕವನ್ನು ಅವು ಕೊಂಬೆ ಮೇಲೆ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ಸರಿದು ಮುಗಿಸುತ್ತವೆ. ಆದರೆ ಸರಿಯೋಕೆ ಬಿಸಿಲೂ ನೆರಳೂ ಎರಡೂ ಇರಬೇಕಲ್ಲ.

ಅಪ್ಪನ ಎರಡನೇ ಪ್ರಶ್ನೆಗೆ ಉತ್ತರ ಶೀಟಿನ ಎರಡನೇ ಟ್ಯಾಬಿನಲ್ಲಿತ್ತು. ಗೋಸುಂಬೆಗೆ ಕೊಡೋ ಹಿಂದಿನ ದಿನ ಹುಳಕ್ಕೆ ಚೆನ್ನಾಗಿ ತಿನ್ನಿಸಬೇಕು. ಹುಳದ ಹೊಟ್ಟೆಯಲ್ಲಿ ಇದ್ದದ್ದೇ ಗೋಸುಂಬೆಯ ಸೊಪ್ಪು ತರಕಾರಿ. ಗಜ್ಜರಿ, ನುಗ್ಗೆ ಸೊಪ್ಪು ಆಗಬಹುದು. ಪಾಲಕ್ ಹೆಚ್ಚು ಬೇಡ, ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ. ನಡುನಡುವೆ ಜೀವಂತ ರೇಷ್ಮೆ ಹುಳ, ಹಿಪ್ಪುನೇರಳೆ ಎಲೆ ತಿಂದದ್ದು, ಕ್ರಿಕೆಟ್‌ಗಿಂತ ಒಳ್ಳೇ ಊಟ. ಹೀಗೆ ನಾನು ಬೆಂಗಳೂರಿನ ಐದನೇ ಮಹಡಿಯಲ್ಲಿ ಹುಳಗಳಿಗೆ ನುಗ್ಗೆ ಸೊಪ್ಪು ಬಿಡಿಸುತ್ತಾ ಕೂತೆ, ಪಕ್ಕದಲ್ಲಿ ಲ್ಯಾಪ್‌ಟಾಪಿನಲ್ಲಿ ಸ್ಟ್ಯಾಂಡ್‌ಅಪ್ ಕಾಲ್.

ನಮ್ಮ ಫೋನ್ ಮಾತನ್ನು ಅಣ್ಣನ ಮಗ ಕೇಳಿಸಿಕೊಂಡಿದ್ದ, ಆರನೇ ಕ್ಲಾಸು. ಎರಡು ದಿನ ಬಿಟ್ಟು ವಿಡಿಯೋ ಕಾಲ್. ಶೂ ಬಾಕ್ಸಿನಲ್ಲಿ ನಮ್ಮ ಊರಿನದೇ ಗೋಸುಂಬೆ! ಹೊಲದ ಬದುವಿನ ಜಾಲಿಯಿಂದ ಹಿಡಿದು ತಂದಿದ್ದ. ಮೈ ಉಬ್ಬಿಸಿಕೊಂಡು, ಕಪ್ಪಗಾಗಿ ಬುಸ್ ಅನ್ನುತ್ತಿತ್ತು. ಮುಂದೆ ಅನ್ನದ ಅಗುಳು, ಪಾರ್ಲೆ ಬಿಸ್ಕೀಟಿನ ಚೂರು.

"ಕಾಕಾ, ಆ ಪೌಡರ್ ನನಗೂ ಕಳಸು. ನಾ ಇದನ್ನ ಸಾಕ್ತೀನಿ."

ಕಾನೂನು ಹೇಳಿದೆ. ನಮ್ಮ ದೇಶದ ಗೋಸುಂಬೆಯನ್ನು ಹಿಡಿಯೋದು, ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಹೊರದೇಶದ್ದನ್ನು ಇಟ್ಟುಕೊಂಡವರೂ ಈಗ, 2022ರ ತಿದ್ದುಪಡಿ ಮತ್ತು 2024ರ ನಿಯಮ ಬಂದ ಮೇಲೆ, ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. "ನಿಮ್ಮ ಫ್ರೆಂಡಂದು ಇರಬಹುದು, ನಂದು ಇರಬಾರದಾ?" ಅಂದ. ಈ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೇ ಉತ್ತರ ಇರಲಿಲ್ಲ. ಕಾಗದ ಇದ್ದರೆ ಸರಿ ಅಂತ ಹನ್ನೊಂದು ವರ್ಷದವನಿಗೆ ಹೇಳೋದು ಹೇಗೆ?

ಅಷ್ಟರಲ್ಲಿ ಅಪ್ಪ ಬಂದ. ಬೈಯಲಿಲ್ಲ. "ಎಷ್ಟ ಹುಳಾ ತಿಂತೈತಂತ ನಿಮ್ಮ ಕಾಕಾಗ ಕೇಳು. ಅಷ್ಟ ಹಿಡಕೊಂಡ ಬಾ. ಬಿಸ್ಕೀಟ ನಡಿಯೂದಿಲ್ಲ" ಅಂದ. ಹುಡುಗ ಸಂಜೆವರೆಗೆ ಬದುವಿನ ಹುಲ್ಲಿನಲ್ಲಿ ಮಿಡತೆ ಹಿಂದೆ ಓಡಾಡಿ ಮೂರು ಹಿಡಿದನಂತೆ. ಗೋಸುಂಬೆ ಒಂದನ್ನೂ ಮುಟ್ಟಲಿಲ್ಲ. ಹಿಡಿದು ತಂದ ಕಾಡುಪ್ರಾಣಿ ಹೆದರಿದಾಗ ಊಟ ಬಿಡುತ್ತೆ, ಪುಡಿ ಹಚ್ಚಿದರೂ ಅಷ್ಟೇ. ಅದು ಆ ಜಾಲಿ ಮೇಲೆ ಇದ್ದಾಗ ಬಿಸಿಲು ಇತ್ತು, ಇಬ್ಬನಿ ಇತ್ತು, ಹತ್ತು ತರದ ಸೊಪ್ಪು ತಿಂದ ಹತ್ತು ತರದ ಹುಳ ಇದ್ದವು. ಮೂರು ಡಬ್ಬಿಯಲ್ಲಿ ನನ್ನ ಗೆಳೆಯ ಕೊಂಡು ತಂದಿರೋದು ಇದನ್ನೇ, ಅದೂ ಅರ್ಧಮರ್ಧ.

ಕತ್ತಲಾಗೋ ಮೊದಲು ಅದೇ ಜಾಲಿಗೆ ಬಿಟ್ಟು ಬಂದರು. ನನಗೆ ವಿಡಿಯೋ ಕಳಿಸಿದ್ದಾನೆ: ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಗಾಳಿಗೆ ಎಲೆ ತೂಗಿದ ಹಾಗೆ ತೂಗುತ್ತಾ ಹತ್ತಿತು. ಕಪ್ಪು ಕರಗಿ ಹಸಿರು ಬಂತು.

ಮರುದಿನ ಮತ್ತೆ ಫೋನ್ ಮಾಡಿದ. "ಕಾಕಾ, ನಾಳೆ ಸೋಯಾಬೀನಕ್ಕ ಔಷಧ ಹೊಡಿತಾರ. ಆ ಹುಳಾ ತಿಂದ್ರ ಅದಕ್ಕೇನಾಗತೈತಿ?" ನುಗ್ಗೆ ಸೊಪ್ಪು ತಿಂದ ಹುಳದ ಲೆಕ್ಕ ಗೊತ್ತಿದ್ದವನಿಗೆ ಇದರ ಲೆಕ್ಕವೂ ಗೊತ್ತಾಗುತ್ತೆ. ಹುಳದ ಹೊಟ್ಟೆಯಲ್ಲಿ ಇದ್ದದ್ದೇ ಗೋಸುಂಬೆಯ ಹೊಟ್ಟೆಗೆ. ಹಾಗಂತ ಅಪ್ಪನಿಗೆ ಹೇಳಿದೆ. ಕೀಡೆ ಬಿದ್ದಿದೆ, ಹೊಡೆಯದೆ ಇದ್ದರೆ ಬೆಳೆ ಕೈಗೆ ಬರಲ್ಲ ಅಂದ. ಅದೂ ನಿಜವೇ. ನಾನು ಇಲ್ಲಿ ಕೂತು ಆ ಸಾಲದ ಕಂತು ಕಟ್ಟೋನಲ್ಲ.

ಹೊಡೆದರು. ಜಾಲಿ ಇರೋ ಕಡೆಯ ಆರು ಸಾಲು ಬಿಟ್ಟು ಹೊಡೆದರು ಅಂತ ಅಣ್ಣ ಹೇಳಿದ. ಯಾಕ ಅಂತ ಪಕ್ಕದ ಹೊಲದವರು ಕೇಳಿದ್ದಕ್ಕೆ ಅಪ್ಪ "ಪಂಪಿನ್ಯಾಗ ಎಣ್ಣಿ ತೀರಿತ್ತ" ಅಂದನಂತೆ.