ಪುರಸೊತ್ತಿನ ಲಾಂಛನ

ಕೌಂಟರ್-ಸ್ಟ್ರೈಕ್ ಆಟದಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಒಂದು ಪಂಗಡದವರು ಬಾಂಬ್ ಇಡಬೇಕು, ಇನ್ನೊಂದು ಪಂಗಡದವರು ಅದನ್ನು ತಡೆಯಬೇಕು. ಇಬ್ಬರ ನೆತ್ತಿಯ ಮೇಲೂ ಗಡಿಯಾರ ಓಡುತ್ತಿರುತ್ತದೆ. ಇಂಥ ಆಟದಲ್ಲಿ ಎದುರಾಳಿಯನ್ನು ಕೆಡವಿದವನೊಬ್ಬ ಓಡುವುದು ಬಿಟ್ಟು ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಕೀಬೋರ್ಡಿನಲ್ಲಿ ‘ಟಿ’ ಒತ್ತುತ್ತಾನೆ. ಪುಸ್ಸೆಂದು ಸದ್ದಾಗಿ ಗೋಡೆಯ ಮೇಲೆ ಅವನ ಲೋಗೊ ಮೂಡುತ್ತದೆ. ಇದರಿಂದ ಅಂಕ ಬರುವುದಿಲ್ಲ, ಬಂದೂಕು ಕೊಳ್ಳಲು ಆಟದೊಳಗಿನ ದುಡ್ಡೂ ಬರುವುದಿಲ್ಲ. ಬಂದರೆ ಬೆನ್ನಿಗೆ ಗುಂಡು ಬರಬಹುದು. ಆದರೂ ಒತ್ತುತ್ತಾನೆ. ನಿನ್ನನ್ನು ಮುಗಿಸಿದ ಮೇಲೂ ನನಗೆ ಪುರಸೊತ್ತಿತ್ತು ನೋಡು ಎಂದು ಹೇಳುವುದಕ್ಕೆ ಆ ಆಟದಲ್ಲಿ ಬೇರೆ ದಾರಿಯೇ ಇರಲಿಲ್ಲ.

ಈ ಚಾಳಿಗೆ ಮೂಲ ಅಮೆರಿಕದ ವಾಲ್ವ್ ಕಂಪನಿ 1998ರ ನವೆಂಬರಿನಲ್ಲಿ ಹೊರತಂದ ಹಾಫ್-ಲೈಫ್. ಅದರ ಮೆನುವಿನಲ್ಲಿ ತಲೆಬುರುಡೆ, ನಗುಮುಖ, ಬಿಲಿಯರ್ಡ್ಸಿನ ಎಂಟನೇ ನಂಬರಿನ ಚೆಂಡು, ಗ್ರೀಕರ ಲ್ಯಾಮ್ಡಾ ಅಕ್ಷರ, ಹೀಗೆ ಕೆಲವು ಸಿದ್ಧ ಚಿತ್ರಗಳಿದ್ದವು. ಒಂದನ್ನು ಆರಿಸಿ ಕಿತ್ತಳೆಯೋ ನೀಲಿಯೋ ಬಣ್ಣ ಕೊಟ್ಟುಕೊಳ್ಳಬಹುದಿತ್ತು. ಮರುವರ್ಷ ಮಿನ್ ಲೇ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಹುಡುಗರು ಇದೇ ಆಟವನ್ನು ಬಿಚ್ಚಿ ಕಟ್ಟಿ ಕೌಂಟರ್-ಸ್ಟ್ರೈಕ್ ಮಾಡಿದರು. ವಾಲ್ವ್ ಅದನ್ನು ತನ್ನದಾಗಿಸಿಕೊಂಡು 2000ದಲ್ಲಿ ಮಾರಾಟಕ್ಕಿಟ್ಟಿತು. ನಮ್ಮ ಊರುಗಳ ಸೈಬರ್ ಕೆಫೆಗಳಿಗೆ ಬಂದು ಠಿಕಾಣಿ ಹೂಡಿದ್ದು ಅದರ 1.6ನೇ ಆವೃತ್ತಿ. ದುಡ್ಡು ಕೊಟ್ಟು ಬಂದದ್ದೋ ಹಾಗೇ ಬಂದದ್ದೋ ಕೇಳಬೇಡಿ.

ಸಿದ್ಧ ಚಿತ್ರಗಳು ಬಹಳ ದಿನ ರುಚಿಸುವುದಿಲ್ಲ. ಕೆಫೆಯ ಎಂಟು ಹುಡುಗರಲ್ಲಿ ಐವರದ್ದು ಅದೇ ಕಿತ್ತಳೆ ಲ್ಯಾಮ್ಡಾ ಆದರೆ ಗೋಡೆಯ ಮೇಲಿನ ಗುರುತು ಯಾರದೆಂದು ಹೇಗೆ ಹೇಳುವುದು? ಕಲ್ಯಾಣದ ಶರಣರೆಲ್ಲ ಒಂದೇ ಅಂಕಿತ ಇಟ್ಟುಕೊಂಡಿದ್ದರೆ ನಮ್ಮ ಸಂಶೋಧಕರ ಗತಿ ಏನಾಗುತ್ತಿತ್ತು! ಹಾಗಾಗಿ ಸ್ವಂತ ಲೋಗೊ ಮಾಡುವ ವಿದ್ಯೆ ಬಾಯಿಂದ ಬಾಯಿಗೆ ಹರಡಿತು.

ಅದು ನಿಜಕ್ಕೂ ವಿದ್ಯೆಯೇ. ನಾವು ಮಾಡುತ್ತಿದ್ದ ಚೌಕ ಅಡ್ಡಕ್ಕೆ 64 ಚುಕ್ಕೆ, ಉದ್ದಕ್ಕೆ 64 ಚುಕ್ಕೆ. ಒಟ್ಟು ಚಿತ್ರದಲ್ಲಿ 256 ಬಣ್ಣಗಳು ಮಾತ್ರ. ಅದರಲ್ಲೂ ಪಟ್ಟಿಯ ಕಟ್ಟಕಡೆಯ ಬಣ್ಣ ಅಚ್ಚ ನೀಲಿಯಾಗಿರಬೇಕು. ಆ ನೀಲಿ ಇದ್ದ ಕಡೆಯೆಲ್ಲ ಆಟ ಚಿತ್ರವನ್ನು ತೂತು ಮಾಡಿ ಹಿಂದಿನ ಗೋಡೆಯನ್ನು ತೋರಿಸುತ್ತದೆ. ವಾಲಿ ಎಂಬ ಪುಟ್ಟ ತಂತ್ರಾಂಶದಲ್ಲಿ ಇದನ್ನೆಲ್ಲ ಹೊಂದಿಸಿ ‘ಟೆಂಪ್‌ಡೆಕಾಲ್’ ಎಂಬ ಫೈಲಾಗಿ ಉಳಿಸಬೇಕು. ಉಳಿಸಿದರೆ ಸಾಲದು. ಆಟ ತನ್ನ ಪಾಡಿಗೆ ತಾನು ಹಳೆಯ ತಲೆಬುರುಡೆಯನ್ನೇ ಅದರ ಮೇಲೆ ಮತ್ತೆ ಬರೆದುಬಿಡುತ್ತದೆ. ಅದಕ್ಕೇ ಫೈಲಿನ ಮೇಲೆ ಬಲಗಡೆಯ ಕ್ಲಿಕ್ ಮಾಡಿ, ‘ರೀಡ್ ಓನ್ಲಿ’ ಚೌಕಕ್ಕೆ ಟಿಕ್ ಹಾಕಬೇಕು. ಈ ಒಂದು ಟಿಕ್ಕಿನ ಗುಟ್ಟು ಗೊತ್ತಿದ್ದವನಿಗೆ ಕೆಫೆಯಲ್ಲಿ ಗುರುವಿನ ಮರ್ಯಾದೆ ಸಿಗುತ್ತಿತ್ತು.

ಇನ್ನು ಆ ನೀಲಿಯ ಕಾಟ. ದೊಡ್ಡ ಚಿತ್ರವನ್ನು ಕುಗ್ಗಿಸುವಾಗ ಕಂಪ್ಯೂಟರು ಒಳ್ಳೆಯದೇ ಮಾಡೋಣವೆಂದು ಅಂಚುಗಳನ್ನು ನಯಗೊಳಿಸುತ್ತದೆ. ಅಂದರೆ ಕಪ್ಪು ಗೆರೆಗೂ ಹಿನ್ನೆಲೆಯ ನೀಲಿಗೂ ನಡುವೆ ಕಪ್ಪುನೀಲಿಯ ಚುಕ್ಕೆಗಳನ್ನು ತುಂಬುತ್ತದೆ. ಅಚ್ಚ ನೀಲಿ ಮಾಯವಾಗುತ್ತದೆ, ಈ ಕಲಬೆರಕೆ ನೀಲಿ ಉಳಿದುಕೊಳ್ಳುತ್ತದೆ. ಗೋಡೆಯ ಮೇಲೆ ಚಿತ್ರದ ಸುತ್ತ ಇಸ್ತ್ರಿ ಮಾಡದ ಜರಿಯಂತೆ ನೀಲಿ ಅಂಚು. ಅದನ್ನು ತೆಗೆಯಲು ತೆರೆಯ ಮೇಲೆ ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿಕೊಂಡು, ಮೌಸ್ ಹಿಡಿದು ಒಂದೊಂದೇ ಚುಕ್ಕೆಯನ್ನು ಇತ್ತ ಕಪ್ಪಿಗೋ ಅತ್ತ ನೀಲಿಗೋ ಸೇರಿಸುತ್ತ ಕೂರಬೇಕು. ಗಂಟೆಗೆ ಹದಿನೈದೋ ಇಪ್ಪತ್ತೋ ರೂಪಾಯಿಯಂತೆ ಮೀಟರು ಓಡುತ್ತಿರುವಾಗ ಒಂದು ಗುಂಡನ್ನೂ ಹಾರಿಸದೆ ಚುಕ್ಕೆ ಬದಲಿಸುತ್ತ ಕೂರುವುದೆಂದರೆ ಅದಕ್ಕೆ ಬೇರೆಯದೇ ಜಾತಿಯ ಶ್ರದ್ಧೆ ಬೇಕು.

ನಮ್ಮಲ್ಲೊಬ್ಬ ಗಂಡಭೇರುಂಡ ಮಾಡಲು ಹೊರಟ. ಆಯ್ಕೆಯೇನೋ ಘನವಾದದ್ದು. ಬಳ್ಳಿಗಾವಿಯಲ್ಲಿ ಕಂಬದ ನೆತ್ತಿ ಏರಿ, ಮೈಸೂರು ಒಡೆಯರ ಲಾಂಛನವಾಗಿ, ಕೊನೆಗೆ ಕೆಂಪು ಬಸ್ಸಿನವರೆಗೆ ಇಳಿದುಬಂದ ಹಕ್ಕಿ ಅದು. ಆದರೆ 64 ಚುಕ್ಕೆಯಲ್ಲಿ ಎರಡು ತಲೆ, ಎರಡು ಕೊಕ್ಕು, ಎರಡು ರೆಕ್ಕೆ, ಪುಕ್ಕದ ಎಳೆಗಳು! ಪಾಪ, ಸಂಜೆಯೆಲ್ಲ ಕೂತು ಮಾಡಿ ಗೋಡೆಗೆ ಬಳಿದ. ಆ ಮೂಲೆಯ ಕಂಪ್ಯೂಟರಿನಿಂದ ಕೂಗು ಬಂತು: “ಲೋ, ಯಾರದೋ ಇದು ಕೋಳಿ?”

“ಕೋಳಿ ಅಲ್ಲ ಕಣೋ, ಗಂಡಭೇರುಂಡ.”

“ಇನ್ನೊಂದು ತಲೆ ಎಲ್ಲೋ ಮಗಾ?”

ಇನ್ನೊಂದು ತಲೆ ನೀಲಿಯಲ್ಲಿ ಕರಗಿಹೋಗಿತ್ತು. ಕೊನೆಗೆ ಅವನೇ ಉಪಾಯ ಹುಡುಕಿದ. ಪುಕ್ಕ ಗಿಕ್ಕ ಎಲ್ಲ ಕೈಬಿಟ್ಟು, ಒಂದು ತಲೆ ಒಂದು ರೆಕ್ಕೆ ಇರುವ ಅರ್ಧ ಹಕ್ಕಿಯನ್ನು ದಪ್ಪ ಗೆರೆಯಲ್ಲಿ ಬರೆದ. ಅದನ್ನೇ ತಿರುವಿ ಪಕ್ಕಕ್ಕೆ ಅಂಟಿಸಿದ. ಹಕ್ಕಿ ಎದ್ದು ನಿಂತಿತು. ಹೆಸರು ಬರೆಯಲು ಹೊರಟವರಿಗೂ ಇದೇ ಪಾಠ. ಇಂಗ್ಲಿಷಿನ ಎಲ್ ಅಕ್ಷರಕ್ಕೆ ಎರಡು ಗೆರೆ ಸಾಕು. ನಮ್ಮ ಗುಂಡನೆಯ ಅಕ್ಷರ ಅಷ್ಟು ಸಣ್ಣ ಚೌಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ, ಒತ್ತಕ್ಷರಕ್ಕಂತೂ ಜಾಗವೇ ಇಲ್ಲ. ‘ಶ್ರೀನಿವಾಸ’ ಅನಿವಾರ್ಯವಾಗಿ ‘ಸೀನ’ ಆಗುತ್ತಿದ್ದ.

ಮಾಡಿದ್ದಾಯಿತು, ಎಲ್ಲಿ ಬಳಿಯಬೇಕು? ಡಸ್ಟ್ 2 ಎಂಬ ಪ್ರಸಿದ್ಧ ಬಯಲನ್ನು ಬಲ್ಲವರಿಗೆ ಅದರ ಮರಳುಬಣ್ಣದ ಗೋಡೆಗಳು ನೆನಪಿರುತ್ತವೆ. ಅಲ್ಲಿ ಹಳದಿ ಚಿತ್ರ ಬಳಿದರೆ ನೀರಿನ ಮೇಲೆ ಬರೆದ ಹಾಗೆಯೇ. ಸರ್ವರು ಒಂದು ಸಲ ಬಳಿದವನಿಗೆ ಮತ್ತೆ ಬಳಿಯಲು ಸಾಮಾನ್ಯವಾಗಿ ಅರ್ಧ ನಿಮಿಷ ಬಿಡುತ್ತಿರಲಿಲ್ಲ, ಹಾಗಾಗಿ ಜಾಗವನ್ನು ಯೋಚಿಸಿಯೇ ಆರಿಸಬೇಕು. ಕೆಲವರು ಇದನ್ನೂ ಯುದ್ಧಕ್ಕೆ ಬಳಸಿದರು: ಕುಕ್ಕರುಗಾಲಿನಲ್ಲಿ ಕೂತು ಬಂದೂಕು ಗುರಿಯಿಟ್ಟವನ ಚಿತ್ರವನ್ನು ಕತ್ತಲ ಮೂಲೆಯಲ್ಲಿ ಬಳಿಯುವುದು, ಎದುರಾಳಿ ಬೆಚ್ಚಿ ಗೋಡೆಗೆ ಗುಂಡು ಸುರಿಯುವುದು. ಮುಂದೆ ಟೀಮ್ ಫೋರ್ಟ್ರೆಸ್ 2ರಂಥ ಆಟಗಳು ಬಂದಾಗ ಕೈಚಳಕ ಇನ್ನೂ ಬೆಳೆಯಿತು. ಅಲ್ಲಿ ಒಂದೇ ಫೈಲಿನಲ್ಲಿ ಚಿತ್ರದ ದೊಡ್ಡ ಪ್ರತಿ, ಸಣ್ಣ ಪ್ರತಿ ಎರಡೂ ಇರುತ್ತವೆ. ದೂರದಿಂದ ನೋಡುವವನಿಗೆ ಸಣ್ಣದು, ಹತ್ತಿರದವನಿಗೆ ದೊಡ್ಡದು ಕಾಣುತ್ತದೆ. ಚತುರರು ಎರಡು ಜಾಗದಲ್ಲೂ ಬೇರೆ ಬೇರೆ ಚಿತ್ರ ತುಂಬಿದರು. ದೂರದ ಬೆಟ್ಟ ನುಣ್ಣಗೆ ಎಂಬುದನ್ನು ಹೀಗೂ ಮಾಡಿ ತೋರಿಸಬಹುದು.

ಬತ್ತಲೆ ಚಿತ್ರ ಬಳಿಯುವವರೂ ಇದ್ದರು, ಬೇಕಾದಷ್ಟು. ಅವರ ಬಗ್ಗೆ ಹೇಳುವಂಥದ್ದೇನಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಗೂ ಅವರದೇ ಕಾಟ.

ನನಗೆ ಇಡೀ ವ್ಯವಹಾರದಲ್ಲಿ ಬಹಳ ಹಿಡಿಸಿದ್ದು ಯಾರೂ ನೋಡದ ಒಂದು ಫೈಲು. ನೀವು ಬಳಿದ ಚಿತ್ರ ಉಳಿದವರ ತೆರೆಯ ಮೇಲೆ ಕಾಣಬೇಕಾದರೆ ಅದು ಅವರ ಕಂಪ್ಯೂಟರಿಗೂ ಹೋಗಲೇಬೇಕಲ್ಲ. ಆಟಕ್ಕೆ ಸೇರುತ್ತಿದ್ದಂತೆ ನಿಮ್ಮ ಲೋಗೊ ಸರ್ವರಿಗೆ ಹೋಗಿ, ಅಲ್ಲಿಂದ ಎಲ್ಲರಿಗೂ ಹಂಚಿಕೆಯಾಗುತ್ತಿತ್ತು. ಹಾಗೆ ಬಂದ ಚಿತ್ರಗಳನ್ನೆಲ್ಲ ಆಟ ‘ಕಸ್ಟಮ್’ ಎಂಬ ಹೆಸರಿನ ಒಂದೇ ಫೈಲಿಗೆ ತುಂಬಿಡುತ್ತಿತ್ತು. ಎಂದೋ ಒಂದು ಮಧ್ಯಾಹ್ನ ಆಡಿ ಹೋದ ಅಪರಿಚಿತರ ಗುರುತುಗಳೂ ಅದರೊಳಗೆ. ಅದು ಉಬ್ಬಿ ಆಟ ನಿಧಾನವಾದರೆ ಮದ್ದು ಒಂದೇ: ಅಳಿಸಿಬಿಡು. ನಮ್ಮ ಕೆಫೆಯ ಯಜಮಾನರು ಆಗಾಗ ಅದನ್ನೇ ಮಾಡುತ್ತಿದ್ದರು, ಕಸ ಗುಡಿಸಿದಷ್ಟೇ ಸಲೀಸಾಗಿ.

2012ರಲ್ಲಿ ಬಂದ ಕೌಂಟರ್-ಸ್ಟ್ರೈಕ್‌ನ ಹೊಸ ಅವತಾರ ‘ಗ್ಲೋಬಲ್ ಅಫೆನ್ಸಿವ್’ನಲ್ಲಿ ಸ್ವಂತ ಲೋಗೊಗೆ ಜಾಗವಿರಲಿಲ್ಲ. 2016ರಲ್ಲಿ ಗೋಡೆಬರಹ ಮರಳಿತು, ಆದರೆ ಕಂಪನಿಯ ಪಟ್ಟಿಯಲ್ಲಿ ಇದ್ದದ್ದನ್ನೇ ಬಳಿಯಬೇಕು. ಒಂದು ಡಬ್ಬಿಗೆ 50 ಸಲ. ಮುಗಿದರೆ ಇನ್ನೊಂದು ಡಬ್ಬಿ. ಅದನ್ನು ಕೊಳ್ಳಲು, ಮಾರಲು ಪೇಟೆಯೂ ಇದೆ. ಹೊಲಸು ಚಿತ್ರಗಳ ಕಾಟ ಇದರಿಂದ ತಪ್ಪಿತು ಎನ್ನುವುದು ನಿಜ, ಒಪ್ಪಿದೆ. ಆದರೆ ಎಣಿಸಿ ಬಳಿಯುವವನು ಪುರಸೊತ್ತಿನ ಜಂಬವನ್ನು ಹೇಗೆ ತೋರಿಸಿಯಾನು? ಕೊಂಡ ಗುರುತನ್ನು ನಾಳೆ ಇನ್ನೊಬ್ಬನೂ ಕೊಳ್ಳುತ್ತಾನೆ, ಮತ್ತೆ ಐವರ ಕಿತ್ತಳೆ ಲ್ಯಾಮ್ಡಾ. ಕೋಳಿಯಾಗಿ ಕಂಡರೂ ಆ ಹಕ್ಕಿ ಒಬ್ಬನದೇ ಆಗಿತ್ತು. ನನ್ನ ಮಟ್ಟಿಗೆ ದುಡ್ಡು ಕೊಟ್ಟ ಹತ್ತು ಡಬ್ಬಿಗಿಂತ ಅದು ಮೇಲು.

ಹಳೆಯ 1.6 ವಾಲ್ವ್‌ನ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಇಂದಿಗೂ ಸಿಗುತ್ತದೆ, ಆಡುವವರೂ ಇದ್ದಾರೆ. ಮನೆಯಲ್ಲಿ ಹುಡುಗರಿದ್ದರೆ ಒಂದು ಲೋಗೊ ಮಾಡಿಸಿ ನೋಡಿ. ಅರ್ಧ ಬರೆದು ತಿರುವಿ ಅಂಟಿಸಲಿ, ನೀಲಿ ಅಂಚನ್ನು ಕೈಯಾರೆ ತೆಗೆಯಲಿ. ‘ರೀಡ್ ಓನ್ಲಿ’ ಟಿಕ್ ಮರೆಯಬಾರದು.