120 ಕೋಟಿ ವರ್ಷದ ವೋಚರು

ಮಗನ ಕಾರಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಎರಡೇ ಹಕ್ಕು: ಹಸಿವಾಯಿತು ಎನ್ನುವುದು, ರೆಸ್ಟ್‌ರೂಂ ಕಂಡರೆ ನಿಲ್ಲಿಸಪ್ಪಾ ಎನ್ನುವುದು. ಲಾಸ್ ವೇಗಾಸ್‌ನಿಂದ ಗ್ರ್ಯಾಂಡ್ ಕ್ಯಾನಿಯನ್‌ನ ಸೌತ್ ರಿಮ್‌ವರೆಗೆ ನಾವು ಎರಡನ್ನೂ ಧಾರಾಳವಾಗಿ ಚಲಾಯಿಸಿದೆವು.

ಈ ಕಣಿವೆ ಮುನ್ಸೂಚನೆಯನ್ನೇ ಕೊಡುವುದಿಲ್ಲ. ಪಾರ್ಕಿಂಗಿಗೆ ಸುತ್ತಿ ಸುತ್ತಿ, ಸೆಲ್ಫಿ ಕೋಲುಗಳ ಸಂತೆ ದಾಟಿ, ಕಂಬಿ ಹಿಡಿದು ನೋಡಿದರೆ ಮುಂದೆ ನೆಲವೇ ಇಲ್ಲ. ಒಂದು ಮೈಲಿ ಆಳ, 277 ಮೈಲಿ ಉದ್ದ.

ಮಗ ದೂರದ ಶಿಖರವೊಂದನ್ನು ತೋರಿಸಿ, "ಅದು ವಿಷ್ಣು ಟೆಂಪಲ್ ಅಮ್ಮ" ಎಂದ. 1880ರ ದಶಕದಲ್ಲಿ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ ಇಲ್ಲಿನ ಬಂಡೆಗಳಿಗೆ ನಮ್ಮ ದೇವರ ಹೆಸರಿಡುವ ಚಾಳಿ ಹಚ್ಚಿದನಂತೆ, ಶಿವನೂ ಇದ್ದಾನೆ. ಇವಳು ಮಗ ಕೊಡಿಸಿದ ಶೂ ಬಿಚ್ಚಿ ಕೈಮುಗಿದಳು. "ಪ್ರದಕ್ಷಿಣೆ?" ಎಂದೆ. ಕಣ್ಣಲ್ಲೇ ಬಾಯಿ ಮುಚ್ಚಿಸಿದಳು.

ಅಂಚಿನಲ್ಲಿ 'ಟ್ರೇಲ್ ಆಫ್ ಟೈಮ್' ಎಂಬ ಕಾಲುದಾರಿಯಿದೆ. ಮೀಟರಿಗೊಂದು ಕಂಚಿನ ಗುರುತು, ಮೀಟರಿಗೆ ಹತ್ತು ಲಕ್ಷ ವರ್ಷ. ಕಣಿವೆಯೊಳಗಿನ ಕಲ್ಲುಗಳನ್ನು ತಂದು ವಯಸ್ಸಿನ ಪ್ರಕಾರ ನಿಲ್ಲಿಸಿದ್ದಾರೆ, ಮುಟ್ಟಬಹುದು. ತಳದ ಕಲ್ಲಿನ ಹೆಸರು ವಿಷ್ಣು ಶಿಸ್ಟ್, ವಯಸ್ಸು ಸುಮಾರು 170 ಕೋಟಿ ವರ್ಷ. ಇವಳು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ತುದೀಲೂ ಅವನೇ, ಬುಡದಲ್ಲಿ ಮಲಗಿರೋನೂ ಅವನೇ." ಭೂವಿಜ್ಞಾನಕ್ಕೆ ಇಷ್ಟು ಸಲೀಸಾಗಿ ಒಪ್ಪಿಗೆ ಸಿಕ್ಕಿದ್ದನ್ನು ನಾನು ಕಂಡಿರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಹಲವೆಡೆ ಆ ವಿಷ್ಣುಶಿಲೆಯ ಮೇಲೆ ನೇರವಾಗಿ ಕೂತಿರುವುದು 50 ಕೋಟಿ ವರ್ಷದ ಮರಳುಗಲ್ಲು. ನಡುವಿನ 120 ಕೋಟಿ ವರ್ಷದ ಪದರಗಳು ಸವೆದುಹೋಗಿವೆ. ಆಡಿಟ್ ಕಚೇರಿಯಲ್ಲಿ ಸವೆದವನು ನಾನು. ಒಂದು ತಿಂಗಳ ವೋಚರು ಕಾಣದಿದ್ದರೂ ಮೆಮೊ ಹೋಗುತ್ತಿತ್ತು. ಇಲ್ಲಿ ಕಾಣೆಯಾದದ್ದನ್ನೇ ತೋರಿಸಿ ದುಡ್ಡು ತೆಗೆದುಕೊಳ್ಳುತ್ತಾರೆ!

ಪಕ್ಕದಲ್ಲಿ ಮಗ. ಅವನ ಪಿಯುಸಿ ಮಾರ್ಕ್ಸು ನನಗಿನ್ನೂ ಬಾಯಿಪಾಠ. ಈಗಿನ ನರೆಗೂದಲೂ ಕಾಣುತ್ತಿದೆ. ಕಾಫಿಗೆ ಸಕ್ಕರೆ ಬಿಟ್ಟದ್ದು ಯಾವಾಗ, ಯಾವ ಚಳಿಗಾಲದಲ್ಲಿ ಜ್ವರ ಬಂದು ಒಬ್ಬನೇ ಮಲಗಿದ್ದ? ವಿಡಿಯೋ ಕಾಲಿನಲ್ಲಿ ನನ್ನ ಕಡೆಯಿಂದ ದಾಖಲಾಗಿರುವುದು "ಊಟ ಆಯ್ತಾ?" ಒಂದೇ.

"ಕಾರು ಓಡಿಸೋಕೆ ಯಾರೋ ಕಲಿಸಿದ್ದು ನಿಂಗೆ?" ಕೇಳಿಯೇಬಿಟ್ಟೆ.

"ರೂಮ್‌ಮೇಟು, ಅಪ್ಪಾ. ಅವನ ಹಳೇ ಟ್ರಕ್ಕಲ್ಲಿ. ಮೊದಲ ದಿನಾನೇ ಪಕ್ಕದ ಮನೆ ಬೇಲಿಗೆ ಗುದ್ದಿದೆ..." ನಗುತ್ತ ಶುರುಮಾಡಿದ. ಬೇಲಿ ಮುರಿದು ಬೀಳುವಷ್ಟರಲ್ಲಿ ನಾವು ನಾಲ್ಕು ಕೋಟಿ ವರ್ಷ ನಡೆದಿದ್ದೆವು.

ಹಿಂದಿನಿಂದ ಇವಳ ದನಿ: "ರಿಪೇರಿಗೆ ಇನ್ನೂರು ಡಾಲರ್ ಕೊಟ್ಯಲ್ಲ, ಅದನ್ನೂ ಹೇಳೋ."