ಅಟ್ಟದ ಮೇಲೊಂದು ಸ್ಟುಡಿಯೋ

ಕೊಬ್ಬರಿ ಆಗಿದೆಯೋ ಇಲ್ಲವೋ ಅನ್ನೋದನ್ನ ನಮ್ಮ ಕಡೆ ನೋಡಿ ಹೇಳೋದಿಲ್ಲ, ಕೇಳಿ ಹೇಳ್ತಾರೆ. ಅಟ್ಟದ ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾರೆ. ಒಳಗೆ ನೀರು ಕುಲುಕಿದರೆ ಇನ್ನೂ ಟೈಮಿದೆ. ಗುಂಡು ಉರುಳಿದ ಹಾಗೆ ‘ಗುಡುಗುಡು’ ಅಂದರೆ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ ಕೂತಿದೆ ಅಂತ ಅರ್ಥ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿ ಹುಟ್ಟೋದು ಹೀಗೆ. ಬಲಿತ ಕಾಯನ್ನ ಮಟ್ಟೆ ಸಮೇತ 8ರಿಂದ 12 ತಿಂಗಳು ಅಟ್ಟದಲ್ಲಿ ಸುಮ್ಮನೆ ಬಿಡಬೇಕು. ಅವಸರ ಮಾಡೋ ಹಾಗಿಲ್ಲ. ಆಮೇಲೆ ಸುಲಿದು, ಒಳಗಿನ ಉಂಡೆಗೆ ಏಟು ಬೀಳದ ಹಾಗೆ ಚಿಪ್ಪು ಒಡೆದು ತೆಗೀಬೇಕು. ಒಂದು ಚೂರು ಎದ್ದರೂ ರೇಟು ಇಳಿಯುತ್ತೆ.

ಇಷ್ಟನ್ನೂ ಇನ್‌ಸ್ಟಾಗ್ರಾಂನ ಒಂದು ಕ್ಯಾಪ್ಷನ್‌ನಲ್ಲಿ ಹೇಳಿ ನೋಡಿ. ನಾನು ಒಂದು ವರ್ಷ ಅದೇ ಪ್ರಯತ್ನದಲ್ಲಿದ್ದೆ.

ನಮ್ಮ ತೋಟ ಹುಳಿಯಾರಿನಿಂದ ಬೋರನಕಣಿವೆ ಕಡೆಗೆ. ನಾನಿರೋದು ಬೆಂಗಳೂರಲ್ಲಿ, ವಾರಕ್ಕೆ ಐದು ದಿನ ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕೋ ಕೆಲಸ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಅಂತ ಹೇಳಿತ್ತು. ಮಾರುಕಟ್ಟೆಯಲ್ಲಿ ಸಿಗ್ತಿದ್ದದ್ದು 8,000ದ ಆಸುಪಾಸು. ನಾಫೆಡ್ ಖರೀದಿಗೆ ಹೆಸರು ಬರೆಸೋ ಕ್ಯೂ, ರೈತರ ಧರಣಿ, ಮನೆಯಲ್ಲಿ ಅಪ್ಪನ ಮೌನ. ಆಗ ಹುಟ್ಟಿದ್ದು ನಮ್ಮ ಪುಟ್ಟ ಆನ್‌ಲೈನ್ ಅಂಗಡಿ. ಅಪ್ಪನ ತೋಟದ್ದು, ಅಕ್ಕಪಕ್ಕದ ನಾಲ್ಕು ತೋಟದ್ದು ಕೊಬ್ಬರಿಯನ್ನ ಮಂಡಿಗಿಂತ ಹೆಚ್ಚು ಬೆಲೆಗೆ ಕೊಂಡು, ಬಟ್ಟಲು ಕೊಬ್ಬರಿ, ಕೊಬ್ಬರಿ ಪುಡಿ, ಗಾಣದ ಎಣ್ಣೆ ಅಂತ ಮಾಡಿ ಬೆಂಗಳೂರಿಗೆ ಕಳಿಸೋದು. ಪ್ಯಾಕಿಂಗ್‌ಗೆ ಊರಿನ ಇಬ್ಬರು ಅಕ್ಕಂದಿರು.

ಮಾಲು ಚೆನ್ನಾಗಿತ್ತು. ಆದರೆ ದಿನಾ ಬರ್ತಿದ್ದ ಮೆಸೇಜುಗಳು ನಾಲ್ಕೇ ಥರ. ‘ಸೂಪರ್‌ಮಾರ್ಕೆಟ್‌ನಲ್ಲಿ ಕಮ್ಮಿ ಇದೆಯಲ್ಲ?’ ‘ಕೊಬ್ಬರಿ ಹೊರಗೆ ಯಾಕೆ ಕಂದು ಬಣ್ಣ?’ ‘ಎಣ್ಣೆ ಗಟ್ಟಿಯಾಗಿದೆ, ಕಲಬೆರಕೆನಾ?’ ‘ತಿಪಟೂರು ಕೊಬ್ಬರಿ ಅಂತೀರಿ, ಊರು ಹುಳಿಯಾರು ಅಂತಿದೆ?’ ದುಡ್ಡು ಕೊಟ್ಟು ಜಾಹೀರಾತು ಹಾಕಿದಾಗ ಆರ್ಡರ್ ಬರ್ತಿತ್ತು; ದುಡ್ಡು ನಿಲ್ಲಿಸಿದ ದಿನ ಆರ್ಡರೂ ನಿಲ್ತಿತ್ತು. ಬಾಡಿಗೆ ಮನೆ ಥರ. ಎಷ್ಟು ವರ್ಷ ಕಟ್ಟಿದರೂ ಒಂದು ಇಟ್ಟಿಗೆ ನಮ್ಮದಾಗಲ್ಲ.

ಪಾಡ್‌ಕಾಸ್ಟ್ ಯೋಚನೆ ಬಂದದ್ದು ಆ ನಾಲ್ಕು ಪ್ರಶ್ನೆಗಳಿಂದ. ಮಾರೋದಕ್ಕೆ ಮೊದಲು ತಿಳಿಸೋದು ಅನ್ನೋದು ಹೊಸ ಉಪಾಯವೇನಲ್ಲ. ಅಮೆರಿಕದ ಜಾನ್ ಡೀರ್ ಕಂಪನಿ 1895ರಲ್ಲೇ ‘ದಿ ಫರೋ’ ಅಂತ ಪತ್ರಿಕೆ ತಂದು ರೈತರಿಗೆ ಬೇಸಾಯದ ವಿಷಯ ಹೇಳ್ತಿತ್ತು; ನೇಗಿಲು ಮಾರಾಟ ಅದರ ಹಿಂದೆ ಬರ್ತಿತ್ತು. ನಮ್ಮ ಬೆಂಗಳೂರಿನ ಝೆರೋಧಾ ಷೇರು ಮಾರುಕಟ್ಟೆಯ ಪಾಠಗಳನ್ನ ‘ವರ್ಸಿಟಿ’ಯಲ್ಲಿ ಪುಕ್ಕಟೆ ಇಟ್ಟಿದೆ. ನಿಮ್ಮಲ್ಲಿ ಎಷ್ಟೋ ಜನ ಅದನ್ನ ಓದಿಯೇ ಅಕೌಂಟ್ ತೆರೆದಿರ್ತೀರಿ.

ಆದರೆ ನನಗೆ ಹತ್ತಿರದ ಮಾದರಿ ಪುತ್ತೂರಿನದು. 1988ರಲ್ಲಿ ಅಲ್ಲಿ ‘ಅಡಿಕೆ ಪತ್ರಿಕೆ’ ಶುರುವಾಯ್ತು. ಶ್ರೀ ಪಡ್ರೆಯವರು ಮತ್ತು ಗೆಳೆಯರು ಹಿಡಿದ ದಾರಿ ಸರಳ: ಕೃಷಿಯ ಬಗ್ಗೆ ಕೃಷಿಕರೇ ಬರೀಲಿ. ಅಲ್ಲಿ ಪೆನ್ನು ಹೋದ ಕಡೆಗೆ ಇಲ್ಲಿ ಮೈಕ್ ಹೋದರೆ ಹೇಗಿರುತ್ತೆ ಅನ್ನಿಸ್ತು. ನಮ್ಮಪ್ಪ ಎರಡು ಸಾಲು ಬರೆಯೋಕೆ ಒದ್ದಾಡ್ತಾರೆ. ಮಾತಾಡೋಕೆ ಬಿಟ್ಟರೆ ನುಸಿ ರೋಗದಿಂದ ಹಿಡಿದು ನಾಫೆಡ್‌ವರೆಗೆ ಮುಕ್ಕಾಲು ಗಂಟೆ ನಿಲ್ಲಿಸದೆ ಮಾತಾಡ್ತಾರೆ. ಅಂಥವರಿಗೆ ಹೇಳಿ ಮಾಡಿಸಿದ ಮಾಧ್ಯಮ ಇದು.

ಆಫೀಸಿನ ಗೆಳತಿ ‘ಇಂಗ್ಲಿಷ್‌ನಲ್ಲಿ ಮಾಡು, ರೀಚ್ ಜಾಸ್ತಿ’ ಅಂದಳು. 2018ರಲ್ಲಿ ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಗೆಳೆಯರು ಶುರುಮಾಡಿದ ‘ತಲೆ-ಹರಟೆ’ ಕನ್ನಡ ಪಾಡ್‌ಕಾಸ್ಟನ್ನ ನಾನು ಬಸ್ಸಿನಲ್ಲಿ ಕೇಳ್ತಾ ಬೆಳೆದವಳು. ಮನೆಯಲ್ಲಿ ಆಡೋ ಕನ್ನಡದಲ್ಲೇ ಎಂಥ ವಿಷಯವನ್ನೂ ಮಾತಾಡಬಹುದು ಅಂತ ಅವರಿಂದ ಗೊತ್ತಾಗಿತ್ತು. ಅಲ್ಲದೆ ಅಪ್ಪನ ‘ಐತೆ’, ‘ಬತ್ತೀನಿ’, ‘ಬ್ಯಾಡ’ಗಳನ್ನ ಯಾವ ಇಂಗ್ಲಿಷ್‌ಗೆ ಹಾಕಲಿ? ಆ ಮಾತಿನಲ್ಲೇ ಊರಿನ ವಿಳಾಸ ಇದೆ. ಹುಳಿಯಾರು ಕನ್ನಡದಲ್ಲೇ ಮಾಡೋದು ಅಂತ ತೀರ್ಮಾನವಾಯ್ತು. ಹನ್ನೆರಡು ನಿಮಿಷ, ಹದಿನೈದು ದಿನಕ್ಕೊಂದು ಕಂತು.

ಖರ್ಚಿನ ಲೆಕ್ಕ ಕೇಳೋರಿಗೆ: ಸಾವಿರ ರೂಪಾಯಿ ಒಳಗಿನ ಕಾಲರ್ ಮೈಕ್, ಇದ್ದ ಫೋನು, ಎಡಿಟಿಂಗ್‌ಗೆ ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್. ಸ್ಪಾಟಿಫೈಗೂ ಯೂಟ್ಯೂಬ್‌ಗೂ ಹಾಕೋಕೆ ದುಡ್ಡಿಲ್ಲ. ಕಷ್ಟ ಆಗಿದ್ದು ಜಾಗ. ಬೆಂಗಳೂರಿನ ರೂಮಿನಲ್ಲಿ ಮಾತಾಡಿದರೆ ಬಾವಿಯೊಳಗಿಂದ ಕೂಗಿದ ಹಾಗೆ ಕೇಳೋದು. ಊರಿನ ಪಡಸಾಲೆಯಲ್ಲಿ ಬೋರಿನ ಮೋಟರು, ಟ್ರ್ಯಾಕ್ಟರು, ಎಮ್ಮೆ. ಕೊನೆಗೆ ಸಿಕ್ಕಿದ್ದು ಅಟ್ಟ. ಸುತ್ತ ಎದೆಯೆತ್ತರ ಮಟ್ಟೆಗಾಯಿ ರಾಶಿ. ತೆಂಗಿನ ನಾರು ಸದ್ದನ್ನ ಹೀರಿಕೊಳ್ಳುತ್ತೆ. ಸ್ಟುಡಿಯೋಗಳು ಗೋಡೆಗೆ ಮೆತ್ತೆ ಹೊಡೆಸೋದು ಇದಕ್ಕೇ. ನಮಗೆ ಆ ಮೆತ್ತೆ ಪ್ರತಿ ವರ್ಷ ತೋಟದಿಂದಲೇ ಬರುತ್ತೆ. ಸೆಕೆ ಒಂದು ತಡ್ಕೋಬೇಕು, ಅಷ್ಟೇ.

ಮೊದಲ ಕಂತು ಬೆಲೆಯ ಬಗ್ಗೆ. ಕಾಯಿ ಕೆಡವೋರ ಕೂಲಿ, ಸುಲಿಯೋರ ಕೂಲಿ, ಅಟ್ಟದಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತ ದುಡ್ಡು, ಒಡೆದಾಗ ಕೆಟ್ಟದ್ದು, ಡಬ್ಬಿ, ಕೊರಿಯರ್, ನಮ್ಮ ಲಾಭ, ಎಲ್ಲವನ್ನೂ ಬಿಡಿಸಿ ಹೇಳಿದ್ವಿ. ಎರಡನೆಯದು ಎಣ್ಣೆಯದು. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತೆ. ಡಿಸೆಂಬರ್‌ನ ಬೆಂಗಳೂರಲ್ಲಿ ಗಟ್ಟಿಯಾಗದಿದ್ದರೆ ಆಗ ಅನುಮಾನ ಪಡಿ ಅಂತ. ಮೂರನೆಯದು ನಮ್ಮ ಕೊಬ್ಬರಿ ಎಲ್ಲಿಗೆ ಹೋಗುತ್ತೆ ಅನ್ನೋದರ ಬಗ್ಗೆ. ಎಣ್ಣೆ ತೆಗೆಯೋ ಕೊಬ್ಬರಿಯೇ ಬೇರೆ. ಸರ್ಕಾರ ಅದಕ್ಕೆ ಬೇರೆ ಬೆಂಬಲ ಬೆಲೆಯನ್ನೇ ಹೇಳುತ್ತೆ. ನಮ್ಮ ಉಂಡೆ ಕೊಬ್ಬರಿಯ ದೊಡ್ಡ ಪಾಲು ಲಾರಿ ಹತ್ತಿ ಉತ್ತರ ಭಾರತಕ್ಕೆ ಹೋಗಿ, ಅಲ್ಲಿ ಒಣಹಣ್ಣಿನ ಜೊತೆ ಮದುವೆ, ಹಬ್ಬದ ತಟ್ಟೆ ಸೇರುತ್ತೆ. ಬೆಂಗಳೂರಿನವರಿಗೆ ನೂರೈವತ್ತು ಕಿಲೋಮೀಟರ್ ಆಚೆಯ ಕೊಬ್ಬರಿ ಗೊತ್ತಿಲ್ಲ, ರಾಜಸ್ಥಾನದ ಅಜ್ಜಿಗೆ ಗೊತ್ತು!

ಮೊದಲ ಕಂತು ಕೇಳಿದವರು ಮೂವತ್ತು ಚಿಲ್ಲರೆ ಜನ. ಅರ್ಧ ನೆಂಟರು.

ಚಿಪ್ಪು ಒಡೆಯೋ ಕೆಲಸದ ಬಗ್ಗೆ ಒಂದು ಕಂತು ಮಾಡೋಣ ಅಂತ, ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡ್ತಿರೋ ಒಬ್ಬ ಅಕ್ಕನನ್ನ ಕೇಳಿದೆ. ಅವರು ನಕ್ಕು, ‘ಅವ್ವಾ, ಕೈಗೆ ಕೂಲಿ ಐತೆ. ಬಾಯಿಗೂ ಐತಾ?’ ಅಂದರು. ತಮಾಷೆಯಾಗಿಯೇ ಕೇಳಿದ್ದು. ಆದರೆ ಸರಿಯಾದ ಪ್ರಶ್ನೆ. ಅವರ ಮಾತು ಕೇಳಿ ಯಾರೋ ಡಬ್ಬಿ ಕೊಳ್ತಾರೆ ಅಂದರೆ ಆ ಮಾತೂ ದುಡಿಮೆಯೇ ತಾನೇ? ಅವತ್ತಿಂದ ನಮ್ಮಲ್ಲಿ ಮೈಕ್ ಮುಂದೆ ಕೂತವರಿಗೆ ಅರ್ಧ ದಿನದ ಕೂಲಿ, ಮತ್ತು ಹಾಕೋದಕ್ಕೆ ಮೊದಲು ಅವರಿಗೆ ಕೇಳಿಸಿ ‘ಹೂಂ’ ಅನ್ನಿಸಿಕೊಳ್ಳೋದು. ಆ ಅಕ್ಕ ತಮ್ಮ ಕಂತು ಕೇಳಿ ಒಂದೇ ಒಂದು ಜಾಗ ತೆಗೆಸಿದರು. ಮಗಳ ಮದುವೆ ಸಾಲದ ವಿಷಯ. ಕೇಳುಗರ ಕಣ್ಣು ಒದ್ದೆ ಮಾಡೋಕೆ ಅದೇ ಒಳ್ಳೇ ಜಾಗವಾಗಿತ್ತು ನಿಜ. ಆದರೆ ಅದು ಅವರ ಮನೆ ವಿಷಯ, ನಮ್ಮ ಸರಕಲ್ಲ.

ಇನ್ನೊಂದು ಗಡಿ ಆರೋಗ್ಯದ್ದು. ‘ಕೊಬ್ಬರಿ ಎಣ್ಣೆ ಕುಡಿದರೆ ತೂಕ ಇಳಿಯುತ್ತೆ, ಥೈರಾಯ್ಡ್ ವಾಸಿಯಾಗುತ್ತೆ ಅಂತ ಒಂದು ಕಂತು ಮಾಡಿ, ಓಡುತ್ತೆ’ ಅಂತ ಹಿತೈಷಿಗಳ ಸಲಹೆ ತುಂಬಾ ಬಂತು. ಓಡುತ್ತೆ, ಗೊತ್ತು. ಆದರೆ ಕೊಬ್ಬರಿ ಎಣ್ಣೆಯ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು. ಅದನ್ನ ಮಿತಿಯಲ್ಲಿ ಬಳಸಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆಹಾರದ ಬಗ್ಗೆ ದಾರಿ ತಪ್ಪಿಸೋ ಜಾಹೀರಾತು ಕೊಟ್ಟರೆ 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ. ದಂಡದ ಮಾತು ಬಿಡಿ, ನಮ್ಮಮ್ಮನಿಗೇ ಕೊಲೆಸ್ಟ್ರಾಲ್ ಮಾತ್ರೆ ನಡೀತಿದೆ. ಅವರಿಗೆ ಹೇಳದ ಮಾತನ್ನ ಬೇರೆಯವರ ಅಮ್ಮನಿಗೆ ಹೇಗೆ ಹೇಳಲಿ? ‘ರುಚಿಗೆ ತಿನ್ನಿ, ಔಷಧಿಗೆ ಡಾಕ್ಟರ ಹತ್ತಿರ ಹೋಗಿ’ ಅಂತ ಒಂದು ಕಂತು ಮಾಡಿದ್ವಿ. ಅದು ಅಷ್ಟೇನೂ ಓಡಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 2025ರಲ್ಲಿ. ಕೊಬ್ಬರಿ ಕ್ವಿಂಟಾಲಿಗೆ 20,000 ದಾಟಿತು. ಆ ವರ್ಷದ ಬೆಂಬಲ ಬೆಲೆ 12,100. ಅದನ್ನ ಕೇಳೋರೇ ಇಲ್ಲ. ರೈತರಿಗೆ ಹಬ್ಬ ಅಲ್ವಾ ಅಂತೀರಿ. ಅರ್ಧ ಹಬ್ಬ. ಬೆಲೆ ಏರಿದ್ದೇ ಕಾಯಿ ಇಲ್ಲದ್ದಕ್ಕೆ. ಹೊಂಬಾಳೆ ಬಿಚ್ಚಿದ ಮೇಲೆ ಕಾಯಿ ಬಲಿಯೋಕೆ ಒಂದು ವರ್ಷ ಬೇಕು, ಅಟ್ಟದಲ್ಲಿ ಕೊಬ್ಬರಿಯಾಗೋಕೆ ಮತ್ತೊಂದು ವರ್ಷ. ಹಾಗಾಗಿ 2023ರ ಬರ ಕೊಬ್ಬರಿಯಲ್ಲಿ ಕಾಣಿಸಿದ್ದು 2025ಕ್ಕೆ. ಅದರ ಮೇಲೆ ರೋಗಗಳ ಕಾಟ. ಜೊತೆಗೆ ಎಳನೀರಿಗೆ ಒಳ್ಳೇ ರೇಟು ಸಿಕ್ಕಾಗ ಕಾಯಿ ಬಲಿಯೋ ತನಕ ಯಾರು ಕಾಯ್ತಾರೆ?

ನಮ್ಮ ಡಬ್ಬಿಯ ಬೆಲೆ ಹೆಚ್ಚುಕಮ್ಮಿ ಎರಡರಷ್ಟಾಗಬೇಕಿತ್ತು. ಅತ್ತ ಅಪ್ಪನ ವಾದ: ‘ಮಂಡಿಗೆ ಹಾಕಿದ್ರೆ ಬೇಗ ದುಡ್ಡು ಬತ್ತದೆ. ನಿನ್ ಡಬ್ಬಿ, ಕೊರಿಯರ್ ಎಲ್ಲಾ ಯಾಕ್ ಬೇಕು ಈಗ?’ ನಾಲ್ಕು ತೋಟದವರದೂ ಅದೇ ಮಾತು. ಮಂಡಿಗಿಂತ ಹೆಚ್ಚು ಕೊಡ್ತೀನಿ ಅನ್ನೋ ನನ್ನ ಬಂಡವಾಳದ ಮಾತಿಗೆ ಬೆಲೆಯೇ ಉಳಿದಿರಲಿಲ್ಲ. ಅಂಗಡಿ ಮುಚ್ಚಿದರೆ ನನಗೆ ಸಂಬಳ ಇದೆ, ಅಪ್ಪನಿಗೆ ಮಂಡಿ ಇದೆ. ಪ್ಯಾಕಿಂಗ್ ಮಾಡೋ ಇಬ್ಬರಿಗೆ?

‘ಅದನ್ನೇ ಮೈಕಿಗೆ ಹೇಳಿಬಿಡಪ್ಪ’ ಅಂದೆ. ಅಟ್ಟ ಹತ್ತಿದರು. ರಾಶಿ ಆ ವರ್ಷ ಮೊಣಕಾಲೆತ್ತರಕ್ಕೆ ಇಳಿದಿತ್ತು. ರೆಕಾರ್ಡಿಂಗ್‌ನಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರೋದು ಕೇಳುತ್ತೆ. ನಾನು ಅದನ್ನ ಸರಿಮಾಡೋಕೆ ಹೋಗಲಿಲ್ಲ. ಅಪ್ಪ ಶುರುಮಾಡಿದ್ದು ಹೀಗೆ: ‘ಎಂಟು ಸಾವಿರ ಇದ್ದಾಗ ಯಾಕಿಷ್ಟು ಕಮ್ಮಿ ಅಂತ ಯಾರೂ ಕೇಳ್ಲಿಲ್ಲ. ಈಗ ಯಾಕಿಷ್ಟು ಜಾಸ್ತಿ ಅಂತ ಕೇಳ್ತಾವ್ರೆ. ಎರಡಕ್ಕೂ ಹೇಳ್ತೀನಿ, ಕೇಳಿ.’

ಆ ಕಂತು ನಮ್ಮ ಉಳಿದೆಲ್ಲ ಕಂತಿಗಿಂತ ಹೆಚ್ಚು ಜನರನ್ನ ಮುಟ್ಟಿತು, ಮುಖ್ಯವಾಗಿ ವಾಟ್ಸಾಪ್ ಫಾರ್ವರ್ಡ್‌ನಲ್ಲಿ. ಮಾರಾಟ ಹೆಚ್ಚಾಯ್ತಾ? ಇಲ್ಲ. ಗಿರಾಕಿ ಕಮ್ಮಿಯೇ ಆದರು. ಆದರೆ ನಮ್ಮ ಆರ್ಡರ್ ಫಾರಂನಲ್ಲಿ ‘ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು?’ ಅಂತ ಒಂದು ಪ್ರಶ್ನೆ ಮೊದಲಿಂದ ಇತ್ತು. ಅದನ್ನ ಹಿಡಿದು ಲೆಕ್ಕ ನೋಡಿದಾಗ ಕಂಡದ್ದು: ಜಾಹೀರಾತು ನೋಡಿ ಬಂದವರು ಹೆಚ್ಚಿನವರು ಬೆಲೆ ಏರಿದ ತಿಂಗಳೇ ಮಾಯ. ಕೇಳಿ ಬಂದವರು ಹೆಚ್ಚಿನವರು ಉಳಿದರು. ಒಂದು ಕೆಜಿ ಬದಲು ಅರ್ಧ, ಅರ್ಧದ ಬದಲು ಕಾಲು. ‘ಡಬ್ಬಿ ಚಿಕ್ಕದು ಮಾಡಿ, ನಿಲ್ಲಿಸಬೇಡಿ’ ಅಂತ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದರು. ಅಪ್ಪ ಅದನ್ನ ಎರಡು ಸಲ ಕೇಳಿ, ‘ಸರಿ, ಅರ್ಧ ಮಂಡಿಗೆ, ಅರ್ಧ ನಿಂಗೆ’ ಅಂದರು. ಪ್ಯಾಕಿಂಗ್ ಕೆಲಸ ಉಳೀತು. ವಾರಕ್ಕೆ ಆರು ದಿನ ಇದ್ದದ್ದು ನಾಲ್ಕಾಯ್ತು, ಆದರೂ ಉಳೀತು.

ಹಾಗಾಗಿ ‘ಪಾಡ್‌ಕಾಸ್ಟ್ ಮಾಡಿದರೆ ಬಿಸಿನೆಸ್ ಬೆಳೆಯುತ್ತಾ?’ ಅಂತ ಕೇಳೋ ಗೆಳೆಯರಿಗೆ ನನ್ನ ಉತ್ತರ ಇದು. ಬೇಗ ಬೆಳೀಬೇಕು ಅಂದರೆ ಇದು ದಾರಿಯಲ್ಲ. ಕಷ್ಟದ ವರ್ಷದಲ್ಲಿ ಬಿಟ್ಟು ಹೋಗದ ಗಿರಾಕಿ ಬೇಕು ಅಂದರೆ ಮಾಡಿ. ಮೊದಲ ಹತ್ತು ಕಂತಿಗೆ ವಿಷಯ ಹುಡುಕಬೇಡಿ, ಇನ್‌ಬಾಕ್ಸ್‌ನಲ್ಲಿ ಗಿರಾಕಿಗಳು ಕೇಳಿರೋ ಪ್ರಶ್ನೆ ತೆಗೀರಿ. ಒಳ್ಳೇ ಮೈಕ್‌ಗಿಂತ ಮೊದಲು ಎಕೋ ಇಲ್ಲದ ಜಾಗ ನೋಡಿ; ಬಟ್ಟೆ ತುಂಬಿದ ವಾರ್ಡ್‌ರೋಬ್ ಸಾಕು. ದನಿ ಕೊಟ್ಟವರಿಗೆ ಕೂಲಿ ಕೊಡಿ. ಮೂರನೇ ಕಂತಿಗೆ ಸಾಕು ಅನ್ನಿಸುತ್ತೆ, ಆದರೂ ನಾಲ್ಕನೆಯದು ಮಾಡಿ. ಮತ್ತು ನಿಮ್ಮ ಕೈಯಲ್ಲಿ ನಿಜವಾಗಿ ಹೇಳೋ ವಿಷಯ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಮಾಲಿನಲ್ಲಿ ಹುಳುಕಿದ್ದರೆ ಹನ್ನೆರಡು ನಿಮಿಷ ಬಹಳ ಉದ್ದ.

ನಮ್ಮ ಮುಂದಿನ ಕಂತು ಬೆಂಕಿರೋಗದ ಬಗ್ಗೆ, ಗರಿ ಸುಟ್ಟ ಹಾಗಾಗಿ ಕಾಯಿ ಬಿಡೋದೇ ಕಮ್ಮಿಯಾಗಿರೋ ಪಕ್ಕದ ಒಂದು ತೋಟದ ಬಗ್ಗೆ. ಅದರಲ್ಲಿ ಮಾರೋಕೆ ಏನೂ ಇಲ್ಲ. ಅದಕ್ಕೂ ಕೆಳಗಡೆ ಆರ್ಡರ್ ಲಿಂಕ್ ಹಾಕ್ತೀಯಾ ಅಂತ ಪ್ಯಾಕಿಂಗ್ ಅಕ್ಕ ಕೇಳಿದರು. ಹಾಕ್ತೀನಿ ಅಕ್ಕ, ಅಂಗಡಿ ನಡೀಬೇಕಲ್ಲ ಅಂದೆ.